ಮೂಟೆಯ ಬೆಲೆ, ತಟ್ಟೆಯ ಬೆಲೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವರ್ತಕ ಬಾಂಧವರು ಸೇರಿದಲ್ಲೆಲ್ಲ ಕೇಳಿಬರುವ ಮಾತು ಒಂದೇ: ಮಾಲಿಗೆ ಬೆಲೆಯಿಲ್ಲ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರವು ಮುಸುಕಿನ ಜೋಳಕ್ಕೆ ಕ್ವಿಂಟಾಲ್ ಒಂದಕ್ಕೆ 2,400 ರೂ. ಬೆಂಬಲ ಬೆಲೆಯನ್ನು ಘೋಷಿಸಿತ್ತು. ಆದರೂ 2025ರ ನವೆಂಬರ್ ತಿಂಗಳಲ್ಲಿ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು, ರಾಜ್ಯದ ಹಲವೆಡೆ ರೈತರು ಬೀದಿಗಿಳಿಯಬೇಕಾಯಿತು. ರೈತನಿಗೆ ಬೆಲೆ ದೊರೆಯದಿದ್ದಾಗ ಅವನನ್ನು ನಂಬಿದ ಮಂಡಿಗೂ ಅಂಗಡಿಗೂ ವ್ಯಾಪಾರವಿರುವುದಿಲ್ಲ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಆದರೆ ಈ ಮಾತಿನ ಇನ್ನೊಂದು ಮುಖವನ್ನೂ ನೋಡುವುದು ಒಳ್ಳೆಯದು. ಇದೇ ಮುಸುಕಿನ ಜೋಳ, ಇದೇ ಕಡಲೆಕಾಯಿ, ಇದೇ ಹುಣಸೆಹಣ್ಣು, ಇದೇ ಒಣಮೆಣಸಿನಕಾಯಿ ಇಲ್ಲಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಚಿನ್ನದ ಬೆಲೆಗೆ ಮಾರಾಟವಾಗುತ್ತಿವೆ. ಮಾರುವವರು ಮಂಡಿಯವರಲ್ಲ, ಮೆಕ್ಸಿಕೋ ದೇಶದ ಊಟ ಬಡಿಸುವ ಹೋಟೆಲಿನವರು. ಇಂದಿರಾನಗರ, ಕೋರಮಂಗಲಗಳಂತಹ ಬಡಾವಣೆಗಳಲ್ಲಿ ಇಂತಹ ಹೋಟೆಲುಗಳು ಈಗ ಅಪರೂಪವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1962ರಲ್ಲಿ ಹುಟ್ಟಿದ ಟಾಕೋ ಬೆಲ್ ಸಂಸ್ಥೆಯು ಭಾರತದಲ್ಲಿ ತನ್ನ ಮೊದಲ ಮಳಿಗೆಗೆ ಆರಿಸಿಕೊಂಡದ್ದು ಮುಂಬೈಯನ್ನಲ್ಲ, ದೆಹಲಿಯನ್ನೂ ಅಲ್ಲ. 2010ರಲ್ಲಿ ನಮ್ಮ ಬೆಂಗಳೂರಿನ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಮಾಲನ್ನು. 2019ರಲ್ಲಿ ಅದರ ಭಾರತದ ಹಕ್ಕನ್ನು ಪಡೆದ ಬರ್ಮನ್ ಹಾಸ್ಪಿಟಾಲಿಟಿ ಸಂಸ್ಥೆಯು ಹತ್ತು ವರ್ಷಗಳಲ್ಲಿ 600 ಮಳಿಗೆಗಳನ್ನು ತೆರೆಯುವ ಗುರಿಯನ್ನು ಪ್ರಕಟಿಸಿತು. ಹೀಗೆ ಬಂಡವಾಳ ಹೂಡುವವರು ಏನನ್ನು ಕಂಡಿದ್ದಾರೆ ಎಂಬುದನ್ನು ನಾವು ತಿಳಿದುಕೊಳ್ಳದಿದ್ದರೆ ನಷ್ಟ ಅವರದ್ದಲ್ಲ.

ಟಾಕೋ ಎಂದರೇನು?

ಟಾಕೋ ಎಂಬುದು ಮೂಲತಃ ರೊಟ್ಟಿ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಸಿಪ್ಪೆ ಕಳಚುವಂತೆ ತೊಳೆದು, ಒದ್ದೆಯಾಗಿಯೇ ಅರೆದು ಹಿಟ್ಟು ಮಾಡುತ್ತಾರೆ. ಈ ಕ್ರಮಕ್ಕೆ ನಿಶ್ತಮಾಲ್ ಎಂದು ಅಲ್ಲಿನ ಹೆಸರು. ಸುಣ್ಣದಿಂದ ಹಿಟ್ಟಿಗೆ ಜಿಗುಟು ಬರುತ್ತದೆ, ಪರಿಮಳ ಬರುತ್ತದೆ, ಧಾನ್ಯದಲ್ಲಿ ಅಡಗಿರುವ ಪೋಷಕಾಂಶವೂ ದೇಹಕ್ಕೆ ದಕ್ಕುತ್ತದೆ. ಆ ಹಿಟ್ಟನ್ನು ಅಂಗೈ ಅಗಲಕ್ಕೆ ಒತ್ತಿ, ಹೆಂಚಿನ ಮೇಲೆ ಸುಟ್ಟರೆ ಟೋರ್ಟಿಯಾ. ಅದರ ಮೇಲೆ ಪಲ್ಯವನ್ನೋ ಮಾಂಸವನ್ನೋ ಇಟ್ಟು, ಚಟ್ನಿ ಹಾಕಿ, ಮಡಿಸಿದರೆ ಟಾಕೋ. ನಮ್ಮ ಅಡುಗೆಮನೆಗಳಲ್ಲಿ ಬಿಸಿ ರೊಟ್ಟಿಗೆ ಹುಚ್ಚೆಳ್ಳು ಪುಡಿ ಹಚ್ಚಿ ಸುರುಳಿ ಮಾಡಿ ಮಕ್ಕಳ ಕೈಗೆ ಕೊಡುವುದಿಲ್ಲವೇ? ಅದರ ದಾಯಾದಿ ಇದು.

ಇತ್ತೀಚೆಗೆ ವ್ಯಾಪಾರದ ನಿಮಿತ್ತ ಬೆಂಗಳೂರಿಗೆ ಹೋದಾಗ ಇಂತಹದೊಂದು ಹೋಟೆಲಿನಲ್ಲಿ ಕುಳಿತು ಉಣ್ಣುವ ಅವಕಾಶ ಈ ಲೇಖಕನಿಗೆ ಒದಗಿತು. ತಟ್ಟೆಯ ಮೇಲೆ ಅಂಗೈ ಅಗಲದ ಮೂರು ಟಾಕೋಗಳು. ಬೆಲೆ ನಾನೂರು ರೂಪಾಯಿಗೂ ಮೇಲೆ. ಮೂರು ರೊಟ್ಟಿಗೆ ಬೇಕಾಗುವ ಜೋಳ ಹೆಚ್ಚೆಂದರೆ ಅರವತ್ತು ಗ್ರಾಂ. ಬೆಂಬಲ ಬೆಲೆಯ ಲೆಕ್ಕ ಹಿಡಿದರೂ ಅದರ ಮೌಲ್ಯ ಒಂದೂವರೆ ರೂಪಾಯಿಯನ್ನು ಮುಟ್ಟುವುದಿಲ್ಲ. ಜೊತೆಗೆ ಬಂದ ಚಟ್ನಿಯ ಹೆಸರು ಸಾಲ್ಸಾ ಮಾಚಾ. ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತ್ಯದ್ದು. ಒಣಮೆಣಸಿನಕಾಯಿ, ಕಡಲೆಕಾಯಿ ಬೀಜ, ಬೆಳ್ಳುಳ್ಳಿ, ಎಳ್ಳು ಇವನ್ನು ಎಣ್ಣೆಯಲ್ಲಿ ಹುರಿದು ಅರೆದದ್ದು. ಪಾವಗಡದ ಯಾವ ಮನೆಯ ಗೃಹಿಣಿಯೂ ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲ ರುಚಿ. ಕುಡಿಯಲು ಕೊಟ್ಟ ಪಾನೀಯವೋ, ನಮ್ಮ ಹುಣಸೆಹಣ್ಣಿನ ಪಾನಕ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಸುಕಿನ ಜೋಳವನ್ನು ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಮೊದಲು ಬೇಸಾಯಕ್ಕೆ ಒಗ್ಗಿಸಿದವರು ಮೆಕ್ಸಿಕೋದ ಜನ. ಮೆಣಸಿನಕಾಯಿ ಅಲ್ಲಿಯದು, ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಹದಿನಾರನೆಯ ಶತಮಾನದಿಂದೀಚೆಗೆ ಹಡಗುಗಳಲ್ಲಿ ಸಮುದ್ರ ದಾಟಿ ನಮ್ಮ ಹೊಲಗಳಿಗೆ ಬಂದವು. ಹುಣಸೆ ಅದೇ ರೀತಿ ಇತ್ತಣಿಂದ ಅತ್ತ ಹೋಯಿತು. ಅರಬ್ಬರು ಅದನ್ನು ಕರೆದ ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂಬ ಹೆಸರೇ ಅಲ್ಲಿ ‘ತಮರಿಂದೋ’ ಆಗಿ ಉಳಿದಿದೆ. ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ಐದು ಶತಮಾನಗಳಿಂದ ಕೊಡುಕೊಳ್ಳುವಿಕೆ ನಡೆದಿದೆ. ಇತಿಹಾಸ ಹೀಗಿರುವಾಗ ಆ ಊಟವನ್ನು ಪರದೇಶದ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಬೆಲೆ ಎಲ್ಲಿ ಹುಟ್ಟುತ್ತದೆ?

ಒಂದೂವರೆ ರೂಪಾಯಿಯ ಜೋಳ ನಾನೂರು ರೂಪಾಯಿಯ ತಟ್ಟೆಯಾಗುವುದನ್ನು ಕಂಡು ‘ಇದು ಹಗಲು ದರೋಡೆ’ ಎನ್ನುವವರಿದ್ದಾರೆ. ಲೆಕ್ಕ ಬಲ್ಲ ವರ್ತಕರು ಹಾಗೆನ್ನಲಾರರು. ಆ ಹೋಟೆಲಿನವನು ಕೊಡುವ ಬಾಡಿಗೆ, ಅಡುಗೆಯವರಿಂದ ತಟ್ಟೆ ತೊಳೆಯುವವರವರೆಗೆ ಸಂಬಳ, ವಿದ್ಯುತ್ತು, ಕೆಟ್ಟುಹೋಗುವ ಸೊಪ್ಪು ತರಕಾರಿ, ಸಾಲದ ಬಡ್ಡಿ, ಮನೆಬಾಗಿಲಿಗೆ ಊಟ ತಲುಪಿಸುವ ಕಂಪನಿಗಳ ಕಮಿಷನ್ ಇವೆಲ್ಲ ಅದೇ ತಟ್ಟೆಯಿಂದ ಹೊರಡಬೇಕು. ಗಿರಾಕಿಯಿಂದ ವಸೂಲು ಮಾಡುವ ಶೇ. 5ರ ಜಿ.ಎಸ್.ಟಿ. ಸರ್ಕಾರಕ್ಕೆ ಸೇರಿದ್ದು, ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಅವನು ಹಿಂಪಡೆಯುವಂತಿಲ್ಲ. ಬೆಂಗಳೂರಿನಲ್ಲಿ ಇಂತಹ ಹೋಟೆಲು ತೆರೆದಷ್ಟೇ ಬೇಗ ಮುಚ್ಚಿದ ನಿದರ್ಶನಗಳು ಬೇಕಾದಷ್ಟಿವೆ. ಆದ್ದರಿಂದ ಲಾಭವೆಲ್ಲ ಹೋಟೆಲಿನವನ ಜೇಬಿಗೇ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ನಾವು ಗಮನಿಸಬೇಕಾದದ್ದು ಬೇರೆ. ಮೂಟೆ ಮತ್ತು ತಟ್ಟೆಯ ನಡುವೆ ಹಲವು ಮೆಟ್ಟಿಲುಗಳಿವೆ: ಒಣಗಿಸುವುದು, ಹಸನು ಮಾಡುವುದು, ದರ್ಜೆಗೆ ತಕ್ಕಂತೆ ವಿಂಗಡಿಸುವುದು, ಹುರಿಯುವುದು, ಅರೆಯುವುದು, ಪೊಟ್ಟಣ ಕಟ್ಟುವುದು, ಬಡಿಸುವುದು. ಒಂದೊಂದು ಮೆಟ್ಟಿಲಿನಲ್ಲೂ ಯಾರೋ ಒಬ್ಬರು ಕೂಲಿ ಮತ್ತು ಲಾಭ ಗಳಿಸುತ್ತಿದ್ದಾರೆ. ನಮ್ಮ ನಾಲ್ಕು ತಾಲ್ಲೂಕುಗಳ ಬಹುಪಾಲು ವ್ಯಾಪಾರ ಮೊದಲ ಮೆಟ್ಟಿಲಿನಲ್ಲೇ ನಿಂತಿದೆ. ಜೋಳ ಕೋಳಿಯ ಮೇವಿಗೋ ಗಂಜಿಹಿಟ್ಟಿನ ಕಾರ್ಖಾನೆಗೋ ಹೋಗುತ್ತದೆ, ಕಡಲೆಕಾಯಿ ಎಣ್ಣೆ ಗಿರಣಿಗೆ ಹೋಗುತ್ತದೆ, ಹುಣಸೆಹಣ್ಣು ತುಮಕೂರಿನ ಮಾರುಕಟ್ಟೆಯ ಮೂಲಕ ಹೊರರಾಜ್ಯಗಳಿಗೆ ಹೋಗುತ್ತದೆ. ಮೂಟೆಯಾಗಿ ಹೋದದ್ದು ಪೊಟ್ಟಣವಾಗಿ ನಮ್ಮದೇ ಅಂಗಡಿಗಳಿಗೆ ಮರಳುತ್ತದೆ. ನಡುವಿನ ಹಣ ನಮ್ಮ ಊರುಗಳನ್ನು ಮುಟ್ಟದೆಯೇ ತಿರುಗುತ್ತಿದೆ.

ಹೋಟೆಲಿನ ಒಲೆಯಿಂದಲೇ ಕಾರ್ಖಾನೆ ಹುಟ್ಟಿದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿಯನ್ನು ರೂಢಿಗೆ ತಂದಿತು. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ದರ ನಿಗದಿ ಮಾಡಿದಾಗ ಆ ದರಕ್ಕೆ ಗುಣಮಟ್ಟ ಕಾಯ್ದುಕೊಳ್ಳಲಾಗದೆ ಬಾಗಿಲು ಹಾಕಿ, ತಿಂಡಿಯ ಸಿದ್ಧ ಮಿಶ್ರಣಗಳ ಮಾರಾಟಕ್ಕೆ ಇಳಿಯಿತು. ಆ ಮಿಶ್ರಣಗಳ ಉದ್ಯಮವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಇಡ್ಲಿ ಬಡಿಸುವವರಿಗೆ ಸಾಧ್ಯವಾದದ್ದು ಕಡಲೆಕಾಯಿ ಸುಲಿಯುವವರಿಗೆ ಏಕೆ ಸಾಧ್ಯವಾಗಬಾರದು?

ಗುಣಮಟ್ಟದ ಪ್ರಶ್ನೆ

ಆ ಹೋಟೆಲಿನಲ್ಲಿ ಬಡಿಸುವ ಹುಡುಗ ಊಟಕ್ಕೆ ಮುನ್ನ ‘ಕಡಲೆಕಾಯಿ ತಿಂದರೆ ತಮಗೆ ಅಲರ್ಜಿ ಆಗುತ್ತದೆಯೇ ಸರ್?’ ಎಂದು ಕೇಳಿದ. ಪಾವಗಡದಲ್ಲಿ ಈ ಪ್ರಶ್ನೆ ಕೇಳಿದರೆ ಜನ ನಕ್ಕಾರು. ಆದರೆ ಅದು ನಗುವ ವಿಷಯವಲ್ಲ. ಪೊಟ್ಟಣದ ಆಹಾರದಲ್ಲಿ ಕಡಲೆಕಾಯಿ ಇದ್ದರೆ ಅದನ್ನು ಚೀಟಿಯ ಮೇಲೆ ನಮೂದಿಸಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಹೇಳುತ್ತವೆ. ನಗರದ ಹೋಟೆಲಿಗೆ ಮಾಲು ಒದಗಿಸಬೇಕೆನ್ನುವವರು ಅಲ್ಲಿಯ ಗಿರಾಕಿ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಬೂಷ್ಟಿನ ವಿಷ, ಅಂದರೆ ಅಫ್ಲಟಾಕ್ಸಿನ್. ಕಡಲೆಕಾಯಿಯನ್ನು ಶೇ. 8ಕ್ಕಿಂತ ಕಡಿಮೆ ತೇವಾಂಶಕ್ಕೆ ಒಣಗಿಸದೆ ರಾಶಿ ಹಾಕಿದರೆ ಈ ಬೂಷ್ಟು ಬೆಳೆಯುತ್ತದೆ. ಅದು ಉಂಟುಮಾಡುವ ವಿಷ ಹುರಿದರೂ ಪೂರ್ತಿಯಾಗಿ ಹೋಗುವುದಿಲ್ಲ. ನೇರವಾಗಿ ತಿನ್ನುವ ಕಡಲೆಬೀಜದಲ್ಲಿ ಇದು ಕಿಲೋಗ್ರಾಂ ಒಂದಕ್ಕೆ 4 ಮೈಕ್ರೋಗ್ರಾಂ ಮೀರಬಾರದೆಂದು ಯೂರೋಪಿನ ಒಕ್ಕೂಟ ಮಿತಿ ಹಾಕಿದೆ. ನಮ್ಮಲ್ಲಿ ಏನು ನಡೆಯುತ್ತಿದೆ? ಸುಲಿಯುವಾಗ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿ ಈ ವ್ಯಾಪಾರದಲ್ಲಿ ಬಹುಕಾಲದಿಂದ ಇದೆ. ತೂಕವೂ ತುಸು ಹೆಚ್ಚುತ್ತದೆ ಎಂಬುದು ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ. ಆ ಒಂದು ಚೊಂಬು ನೀರು ನಮ್ಮ ಮಾಲನ್ನು ಎಣ್ಣೆ ಗಿರಣಿಯಿಂದಾಚೆಗೆ ಹೋಗದಂತೆ ಕಟ್ಟಿಹಾಕಿದೆ ಎಂದರೆ ಅತಿಶಯೋಕ್ತಿಯಲ್ಲ. ಬೆಲೆಯಿಲ್ಲವೆಂದು ದೂರುವ ಮೊದಲು ನಮ್ಮ ಅಂಗಳದಲ್ಲೇ ಇರುವ ಈ ದೋಷವನ್ನು ತಿದ್ದಿಕೊಳ್ಳುವುದು ಕ್ಷೇಮ.

ಕುಳಿತು ಉಣ್ಣುವ ಸ್ಥಳ

ಇನ್ನು ತಟ್ಟೆಯ ವಿಷಯ. ಟಾಕೋ ಹುಟ್ಟಿದ ದೇಶದಲ್ಲಿ ಅದು ಹೆಚ್ಚಾಗಿ ಬೀದಿಬದಿಯಲ್ಲಿ ನಿಂತು ತಿನ್ನುವ ಪದಾರ್ಥ. ಫ್ರಾನ್ಸಿನ ಮಿಷೆಲಿನ್ ಎಂಬ ಟೈರ್ ಕಂಪನಿ, ಮೋಟಾರಿನಲ್ಲಿ ತಿರುಗುವವರಿಗಾಗಿ 1900ರಲ್ಲಿ ಆರಂಭಿಸಿದ ಮಾರ್ಗದರ್ಶಿಯ ನಕ್ಷತ್ರ ದೊರೆಯುವುದು ಜಗತ್ತಿನ ಹೋಟೆಲುಗಳಿಗೆ ಬಹುದೊಡ್ಡ ಗೌರವ. 2024ರಲ್ಲಿ ಆ ನಕ್ಷತ್ರ ಮೆಕ್ಸಿಕೋ ನಗರದ ‘ಎಲ್ ಕಾಲಿಫಾ ದೆ ಲಿಯೋನ್’ ಎಂಬ ಪುಟ್ಟ ಅಂಗಡಿಗೆ ಸಂದಿತು. 1968ರಿಂದ ನಡೆದುಬಂದಿರುವ ಆ ಅಂಗಡಿಯಲ್ಲಿ ಸಿಗುವುದು ನಾಲ್ಕೇ ಬಗೆಯ ಟಾಕೋ. ಗಿರಾಕಿಗಳು ನಿಂತೇ ತಿನ್ನುತ್ತಾರೆ. 1983ರಲ್ಲಿ ಆರ್. ಪ್ರಭಾಕರ್ ಅವರು ಬೆಂಗಳೂರಿನ ಜಯನಗರದಲ್ಲಿ ಆರಂಭಿಸಿದ ದರ್ಶಿನಿ ಪದ್ಧತಿಯ ತತ್ತ್ವವೂ ಇದೇ: ಕಡಿಮೆ ಬಗೆ, ಶುಚಿ, ವೇಗ. ನಮ್ಮ ಸಣ್ಣ ಹೋಟೆಲುಗಳು ಐವತ್ತು ಬಗೆಯ ತಿಂಡಿಯ ಹಲಗೆ ತೂಗುಹಾಕಿ, ಕೇಳಿದರೆ ‘ಅದಿಲ್ಲ, ಇದೂ ಖಾಲಿ’ ಎನ್ನುವುದಕ್ಕಿಂತ ನಾಲ್ಕನ್ನೇ ಮಾಡಿ ಹೆಸರು ಗಳಿಸುವುದು ಲೇಸು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೆಸರಾದದ್ದು ಹೀಗೆಯೇ ಅಲ್ಲವೇ?

ಆದರೆ ನಗರದಲ್ಲಿ ಅದೇ ಟಾಕೋಗೆ ಕುರ್ಚಿ, ಮೇಜು, ಮಂದ ಬೆಳಕು, ಶುಚಿಯಾದ ಶೌಚಾಲಯ ಸೇರಿದಾಗ ಗಿರಾಕಿ ಹಣ ತೆರುವುದು ರೊಟ್ಟಿಗೆ ಮಾತ್ರವಲ್ಲ, ಕುಳಿತುಕೊಳ್ಳುವ ಒಂದು ಗಂಟೆಯ ಕಾಲಕ್ಕೆ. ಈಗ ನಮ್ಮ ನಾಲ್ಕು ಪಟ್ಟಣಗಳನ್ನು ನೋಡೋಣ. ಹೆಂಗಸರು ಮಕ್ಕಳ ಸಮೇತ ಒಂದು ಕುಟುಂಬ ಯಾರ ಅವಸರಕ್ಕೂ ಸಿಕ್ಕದೆ ಒಂದು ಗಂಟೆ ಕುಳಿತು ಉಣ್ಣಲು ಎಷ್ಟು ಸ್ಥಳಗಳಿವೆ? ಮಗಳು ಪಿ.ಯು.ಸಿ.ಯಲ್ಲಿ ಉತ್ತಮ ದರ್ಜೆ ಪಡೆದಳೆಂದು ಸಂತೋಷಪಡಬೇಕಾದರೆ ಬೇಕರಿಯ ಮುಂದೆ ನಿಲ್ಲಬೇಕು, ಇಲ್ಲವೇ ತುಮಕೂರಿಗೆ ಬಸ್ಸು ಹತ್ತಬೇಕು. ಹಾಗೆ ಹತ್ತಿದವರು ಊಟ ಮಾತ್ರ ಮಾಡಿ ಬರುವುದಿಲ್ಲ. ಬಟ್ಟೆ, ಚಪ್ಪಲಿ, ಪಾತ್ರೆಯನ್ನೂ ಅಲ್ಲೇ ಕೊಂಡು ಬರುತ್ತಾರೆ. ಆದ್ದರಿಂದ ಊರಿನಲ್ಲಿ ಒಂದು ಒಳ್ಳೆಯ ಹೋಟೆಲು ಇಲ್ಲದಿರುವುದು ಹೋಟೆಲಿನವರ ಚಿಂತೆ ಮಾತ್ರವಲ್ಲ. ಅದು ಪೇಟೆಯ ಬಟ್ಟೆ ಅಂಗಡಿಯವರ, ಪಾತ್ರೆ ಅಂಗಡಿಯವರ ನಷ್ಟವೂ ಹೌದು.

ನಾಲ್ಕು ತಾಲ್ಲೂಕುಗಳ ಅನುಕೂಲ

ಶಾಲಾ ಆಡಳಿತದ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ವ್ಯಾಪಾರದ ಲೆಕ್ಕದಲ್ಲಿ ಮಾತ್ರ ನಾವು ಒಂದಾಗಿಲ್ಲ. ಒಂದೊಂದಕ್ಕೂ ಅದರದೇ ಆದ ಅನುಕೂಲವಿದೆ. ಕೊರಟಗೆರೆಗೆ ಗೊರವನಹಳ್ಳಿಯ ಮಹಾಲಕ್ಷ್ಮಿ ಮತ್ತು ಸಿದ್ಧರಬೆಟ್ಟದ ಯಾತ್ರಿಕರು ಬರುತ್ತಾರೆ. ಮಧುಗಿರಿಗೆ ಏಕಶಿಲಾ ಬೆಟ್ಟ ಹತ್ತಲು ಬೆಂಗಳೂರಿನ ಯುವಕರು ವಾರದ ಕೊನೆಗೆ ಬಂದು, ಇಳಿದು, ಹಸಿದುಕೊಂಡೇ ಹಿಂದಿರುಗುತ್ತಾರೆ. ಪಾವಗಡಕ್ಕೆ ಶನಿಮಹಾತ್ಮನ ದರ್ಶನಾರ್ಥಿಗಳ ಜೊತೆಗೆ, ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನದ ನಿಮಿತ್ತ ಎಂಜಿನಿಯರುಗಳೂ ಅಧಿಕಾರಿಗಳೂ ಬರುತ್ತಾರೆ. 1687ರಿಂದ ಮೊಘಲರ ಪ್ರಾಂತ್ಯವೊಂದರ ರಾಜಧಾನಿಯಾಗಿ ಮೆರೆದ ಶಿರಾ, ಇಂದು ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿದೆ.

ಹೆದ್ದಾರಿಯ ಬಗೆಗೆ ಒಂದು ಎಚ್ಚರಿಕೆಯ ಮಾತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ರಸ್ತೆ ಉದ್ಘಾಟನೆಯಾದ ಮೇಲೆ ಹಳೆಯ ರಸ್ತೆಯ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಹೋಟೆಲು ಮತ್ತು ಅಂಗಡಿಗಳ ವ್ಯಾಪಾರ ಕುಸಿದದ್ದನ್ನು ನಾವೆಲ್ಲ ಕಂಡೆವು. ರಸ್ತೆ ತಂದ ಗಿರಾಕಿಯನ್ನು ರಸ್ತೆಯೇ ಒಯ್ಯಬಲ್ಲದು. ದಾರಿ ಬಿಟ್ಟು ಎರಡು ಕಿಲೋಮೀಟರ್ ಒಳಗೆ ಬರುವಷ್ಟು ಹೆಸರು ಗಳಿಸಿದವನೇ ಉಳಿಯುತ್ತಾನೆ. ಆ ಹೆಸರು ಬರುವುದು ಎಲ್ಲೂ ಸಿಗುವ ನೂಡಲ್ಸ್ ಮತ್ತು ಗೋಬಿ ಮಂಚೂರಿಯಿಂದಲ್ಲ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳು ಸಾರು, ಮುದ್ದೆ, ಬಸ್ಸಾರು ಇವನ್ನು ಶುಚಿಯಾಗಿ, ಅಂದವಾಗಿ, ದಿನವೂ ಒಂದೇ ರುಚಿಯಲ್ಲಿ ಬಡಿಸುವುದರಿಂದ. ಬೆಂಗಳೂರಿನ ಹೋಟೆಲಿನವನು ಮೆಕ್ಸಿಕೋದ ರೊಟ್ಟಿಗೆ ಕೊಟ್ಟ ಮರ್ಯಾದೆಯನ್ನು ನಾವು ನಮ್ಮ ರೊಟ್ಟಿಗೆ ಕೊಡಬೇಕು. ಮಧುಗಿರಿಯಲ್ಲಿ ಟಾಕೋ ಅಂಗಡಿ ತೆರೆಯಬೇಕೆಂದು ಇದರ ಅರ್ಥವಲ್ಲ.

‘ನಮ್ಮ ಜನ ಅಷ್ಟು ಹಣ ಕೊಡುವುದಿಲ್ಲ’ ಎಂಬ ಆಕ್ಷೇಪ ಬರುವುದು ಸಹಜ. ನಾನೂರು ರೂಪಾಯಿ ಖಂಡಿತ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಇಂದಿರಾನಗರದ ಬಾಡಿಗೆ ನಮ್ಮಲ್ಲಿಲ್ಲ. ಬಾಡಿಗೆಯಲ್ಲಿ ಉಳಿದದ್ದನ್ನು ದರದಲ್ಲಿ ಇಳಿಸಿದರೂ ಲಾಭಕ್ಕೆ ಎಡೆಯಿದೆ. ‘ಕೆಲಸಕ್ಕೆ ಹುಡುಗರು ಸಿಗುವುದಿಲ್ಲ’ ಎಂಬುದು ಇನ್ನೊಂದು ಆಕ್ಷೇಪ. ನಮ್ಮ ತಾಲ್ಲೂಕುಗಳ ಹುಡುಗರೇ ಬೆಂಗಳೂರಿನ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುತ್ತಿದ್ದಾರೆ. ಅಲ್ಲಿಯ ಕೋಣೆಯ ಬಾಡಿಗೆ ಕಳೆದು ಅವರಿಗೆ ಉಳಿಯುವಷ್ಟನ್ನು ಇಲ್ಲಿ ಕೊಟ್ಟರೆ, ತಂದೆ ತಾಯಿಯರ ಜೊತೆ ಇರಲು ಒಲ್ಲೆನೆನ್ನುವವರು ಕಡಿಮೆ.

ಸಂಘದಿಂದ ಆಗಬೇಕಾದದ್ದು

ಸರ್ಕಾರದ ನೆರವು ಇಲ್ಲವೇ ಇಲ್ಲ ಎನ್ನುವಂತಿಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯು ಸಾಲದೊಂದಿಗೆ ಶೇ. 35ರ ಸಹಾಯಧನ ನೀಡಿತು. ಅದಕ್ಕೆ ಕರ್ನಾಟಕ ಸರ್ಕಾರ ಶೇ. 15 ಸೇರಿಸಿತು. ಆದರೆ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಎಂಬ ನಿಯಮದಲ್ಲಿ ತುಮಕೂರು ಜಿಲ್ಲೆಗೆ ಗುರುತಿಸಿದ್ದು ತೆಂಗನ್ನು. ತಿಪಟೂರಿಗೆ ಅದು ಸರಿ. ಒಣಭೂಮಿಯ ನಮ್ಮ ಕಡಲೆಕಾಯಿಗೂ ಹುಣಸೆಗೂ ಆ ಮುಂಚೂಣಿಯ ಸ್ಥಾನ ದೊರೆಯಲಿಲ್ಲ. ನಾವು ಒಟ್ಟಾಗಿ ಕೇಳಬೇಕಾದ ಮಾತಿದು. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದ ವಸಂತನರಸಾಪುರದ ಆಹಾರ ಉದ್ಯಾನ ನಮ್ಮಿಂದ ದೂರದಲ್ಲೇನೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಾಸ್, ಮಸಾಲೆ ಮಿಶ್ರಣ, ಪೊಟ್ಟಣದ ಖಾರದ ತಿನಿಸುಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದೂ ಸಣ್ಣ ತಯಾರಕರಿಗೆ ಅನುಕೂಲಕರ.

ಸಂಘವು ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಬೇಕೆಂದು ಈ ಲೇಖಕನ ಸಲಹೆ. ಮೊದಲನೆಯದಾಗಿ, ನಾಲ್ಕು ತಾಲ್ಲೂಕುಗಳ ಕಡಲೆಕಾಯಿ ವರ್ತಕರು ಕೂಡಿ ತೇವಾಂಶ ಮತ್ತು ಬೂಷ್ಟಿನ ವಿಷದ ಪರೀಕ್ಷೆಗೆ ಒಂದು ಸಾಮಾನ್ಯ ವ್ಯವಸ್ಥೆ ಮಾಡಿಕೊಳ್ಳಬೇಕು. ನೀರು ಚಿಮುಕಿಸದೆ ಸುಲಿದ ಬೀಜಕ್ಕೆ ಪ್ರತ್ಯೇಕ ದರ ನಿಗದಿಯಾಗಲಿ. ಎರಡನೆಯದಾಗಿ, ಬೆಂಗಳೂರಿನ ಹೋಟೆಲುಗಳಿಗೆ ಸಾಮಗ್ರಿ ಖರೀದಿಸುವವರನ್ನು ಆಹ್ವಾನಿಸಿ, ಅವರಿಗೆ ಯಾವ ಅಳತೆಯ ಬೀಜ, ಎಂತಹ ಹುಣಸೆ ತಿರುಳು, ಯಾವ ತೂಕದ ಪೊಟ್ಟಣ ಬೇಕೆಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಮೂರನೆಯದಾಗಿ, ಹೋಟೆಲು ನಡೆಸುವ ಸದಸ್ಯರು ಹೊಸ ತಿಂಡಿಯನ್ನು ಸೇರಿಸುವ ಮೊದಲು ಶೌಚಾಲಯವನ್ನೂ ಕುಟುಂಬಗಳಿಗೆ ಕುಳಿತುಕೊಳ್ಳುವ ಜಾಗವನ್ನೂ ಸರಿಪಡಿಸಬೇಕು. ಈ ಮೂರಕ್ಕೂ ಕೋಟಿಗಟ್ಟಲೆ ಬಂಡವಾಳ ಬೇಕಾಗಿಲ್ಲ.

ಮುಂದಿನ ಸುಗ್ಗಿಗೆ ಕಡಲೆಕಾಯಿ ಮತ್ತೆ ಅಂಗಳಕ್ಕೆ ಬರುತ್ತದೆ. ಆಗಲೂ ಅದು ಗೋಣಿಚೀಲದಲ್ಲಿ ಲಾರಿ ಹತ್ತುವುದೋ, ನಮ್ಮ ಊರಿನ ಹೆಸರು ಹೊತ್ತ ಡಬ್ಬಿಯಲ್ಲಿ ಹೋಗುವುದೋ ಎಂಬುದನ್ನು ತೀರ್ಮಾನಿಸಲು ಇನ್ನೂ ಕಾಲಾವಕಾಶವಿದೆ. ಸದಸ್ಯ ಬಾಂಧವರು ಮುಂದಿನ ಮಾಸಿಕ ಸಭೆಯಲ್ಲಿ ಮೊದಲ ಸಲಹೆಯನ್ನಾದರೂ ಚರ್ಚೆಗೆ ಎತ್ತಿಕೊಳ್ಳುವರೆಂದು ಆಶಿಸುತ್ತೇನೆ.